ಪೀಚ್ ಕಾಬ್ಲರ್: ರಸ ಹಿಡಿತಕ್ಕೆ ಬಂದರೆ ಉಳಿದದ್ದು ಸುಲಭ

ಮೇ ಕಳೆದು ಜೂನ್ ಬರುವ ಹೊತ್ತಿಗೆ ಹುಬ್ಬಳ್ಳಿಯ ಜನತಾ ಬಜಾರಿನಲ್ಲಿ, ಧಾರವಾಡದ ಸೂಪರ್ ಮಾರ್ಕೆಟ್ಟಿನಲ್ಲಿ ಆಪೂಸಿನ ರಾಶಿ ಕರಗುತ್ತಾ ಬರುತ್ತದೆ. ಆಗ ಹಣ್ಣಿನ ಗಾಡಿಯ ಮೂಲೆಯಲ್ಲಿ, ರಟ್ಟಿನ ಪೆಟ್ಟಿಗೆಯೊಳಗೆ, ಉತ್ತರದಿಂದ ಬಂದ ಪೀಚ್ ಕಾಣಿಸಿಕೊಳ್ಳುತ್ತದೆ. ಕೆಲವು ವ್ಯಾಪಾರಿಗಳು ಅದನ್ನು ಆಡೂ ಎನ್ನುತ್ತಾರೆ. ಕೆಂಪು ಬಣ್ಣಕ್ಕೆ ಮರುಳಾಗಿ ಒಯ್ದವರು ಬಹಳ. ಮನೆಗೆ ಹೋಗಿ ಕಚ್ಚಿ, ಹುಳಿಗೆ ಮುಖ ಕಿವಿಚಿ, ಮತ್ತೆ ಅದರ ತಂಟೆಗೆ ಹೋಗದವರೂ ಅಷ್ಟೇ. ಹಾಗೆಯೇ ತಿನ್ನಲು ಸಾಧಾರಣವೆನಿಸುವ ಈ ಹಣ್ಣು ಬೆಣ್ಣೆ, ಸಕ್ಕರೆ, ಬಿಸಿ ಮೂರೂ ಸೇರಿದರೆ ಮಾತ್ರ ತನ್ನ ನಿಜವಾದ ರುಚಿ ಬಿಡುತ್ತದೆ. ಅದಕ್ಕೆ ಕಾಬ್ಲರ್‌ಗಿಂತ ಸುಲಭದ ದಾರಿ ಇಲ್ಲ.

ಕಾಬ್ಲರ್ ಅಮೆರಿಕದ ಮನೆಗಳ ತಿನಿಸು. ಇಂಗ್ಲೆಂಡಿನಿಂದ ಅಲ್ಲಿಗೆ ಹೋಗಿ ನೆಲೆಸಿದವರಿಗೆ ತಮ್ಮ ಊರಿನ ಪುಡಿಂಗ್ ಮಾಡುವ ಸಾಮಾನೂ ಇರಲಿಲ್ಲ, ತಕ್ಕ ಒಲೆಯೂ ಇರಲಿಲ್ಲ. ದಪ್ಪ ಕಬ್ಬಿಣದ ಪಾತ್ರೆಯಲ್ಲಿ ಹಣ್ಣು ಹಾಕಿ, ಮೇಲೆ ಹಿಟ್ಟಿನ ತುತ್ತುಗಳನ್ನು ಇಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸಿಕೊಂಡರು. ಪೀಚ್ ಬೆಳೆಗೆ ಹೆಸರಾದ ಜಾರ್ಜಿಯಾ ರಾಜ್ಯದಲ್ಲಿ 1870ರ ದಶಕದಲ್ಲಿ ಸ್ಯಾಮ್ಯುಯೆಲ್ ರಂಫ್ ಎಂಬ ಬೆಳೆಗಾರ ‘ಎಲ್ಬರ್ಟಾ’ ತಳಿಯನ್ನು ರೂಢಿಗೆ ತಂದ. ದೂರದ ಊರಿಗೆ ರೈಲಿನಲ್ಲಿ ಹೋದರೂ ಕೆಡದ ಹಣ್ಣು ಅದು. ನಮ್ಮ ಹಿಮಾಚಲದ ತೋಟಗಳಲ್ಲಿ ಬೆಳೆಯುವ ‘ಜುಲೈ ಎಲ್ಬರ್ಟಾ’ ಹೆಸರಿನಲ್ಲಿ ಆ ನೆನಪು ಇನ್ನೂ ಉಳಿದಿದೆ.

ಇದರಲ್ಲಿ ತತ್ತಿ ಇಲ್ಲ. ಕೇಕ್ ಎಂದರೆ ಹಿಂದೆ ಸರಿಯುವ ನಮ್ಮ ಭಾಗದ ಅನೇಕ ಮನೆಗಳಿಗೆ ಇಷ್ಟೇ ಸಾಕು. ಹಿಟ್ಟು ನಾದುವುದಿಲ್ಲ, ಲಟ್ಟಿಸುವುದಿಲ್ಲ, ಬೀಟರ್ ಬೇಡ. ಆದರೂ ಮೊದಲ ಸಲ ಮಾಡಿದವರ ಕಾಬ್ಲರ್ ಸಾಮಾನ್ಯವಾಗಿ ಒಂದೇ ಕಾರಣಕ್ಕೆ ಕೆಡುತ್ತದೆ: ಹಣ್ಣಿನಲ್ಲಿ ನೀರು ಎಷ್ಟಿದೆ ಎಂಬ ಲೆಕ್ಕ ಇಟ್ಟಿರುವುದಿಲ್ಲ. ಒಲೆಯೊಳಗೆ ರಸವೆಲ್ಲ ಬಿಟ್ಟುಕೊಂಡು ಹಿಟ್ಟು ಹಸಿಹಸಿಯಾಗಿ ಉಳಿಯುತ್ತದೆ. ರಸವನ್ನು ಒಲೆಗೆ ಹೋಗುವ ಮೊದಲೇ ಹದಕ್ಕೆ ತಂದುಬಿಟ್ಟರೆ ಮಿಕ್ಕ ಸಣ್ಣಪುಟ್ಟ ಏರುಪೇರುಗಳನ್ನು ಈ ತಿನಿಸು ತಾನೇ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಆದ್ದರಿಂದ ಹಣ್ಣಿನ ಭಾಗವನ್ನು ಉದ್ದಕ್ಕೆ ಹೇಳುತ್ತೇನೆ, ಹಿಟ್ಟಿನ ಭಾಗವನ್ನು ಬೇಗ ಮುಗಿಸುತ್ತೇನೆ.

ಹಣ್ಣು ಆರಿಸುವುದು

ಪೀಚಿನ ಕೆಂಪು ಬಣ್ಣವನ್ನು ನಂಬಬೇಡಿ. ಆ ಕೆಂಪು ಬಿಸಿಲು ತಾಗಿದ ಕಡೆ ಮೂಡುವ ಬಣ್ಣ, ತಳಿಯ ಗುಣ. ಹಣ್ಣು ಮಾಗಿದೆಯೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ಹಣ್ಣನ್ನು ತಿರುಗಿಸಿ, ಕೆಂಪು ಇಲ್ಲದ ಜಾಗ ನೋಡಿ. ತೊಟ್ಟು ಕಿತ್ತ ಕುಳಿಯ ಸುತ್ತ ಸಿಪ್ಪೆ ಹಳದಿಗೆ ತಿರುಗಿದ್ದರೆ ಸರಿ, ಹಸಿರು ಛಾಯೆ ಇದ್ದರೆ ಬೇಗ ಕಿತ್ತ ಕಾಯಿ. ಆ ಕುಳಿಗೆ ಮೂಗು ಹಚ್ಚಿ, ಪರಿಮಳ ಬರಬೇಕು. ಏನೂ ವಾಸನೆ ಇಲ್ಲದ ಹಣ್ಣಿಗೆ ಒಲೆಯಲ್ಲಿಯೂ ಪರಿಮಳ ಬರುವುದಿಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಲು ವ್ಯಾಪಾರಿ ಬಿಡುವುದಿಲ್ಲ, ಬಿಡಬಾರದು ಕೂಡ. ಒತ್ತಿದ ಗುರುತು ಮರುದಿನ ಕಂದು ಕಲೆಯಾಗುತ್ತದೆ. ಅಂಗೈಯಲ್ಲಿ ಇಡಿಯಾಗಿ ಹಿಡಿದರೆ ಗಟ್ಟಿಯೋ ಮೆದುವೋ ತಿಳಿಯುತ್ತದೆ.

ನಮ್ಮಲ್ಲಿಗೆ ಬರುವ ಪೀಚ್ ಸಾವಿರಾರು ಕಿಲೋಮೀಟರ್ ದಾರಿ ಸವೆಸಿ ಬರುವುದರಿಂದ ಗಟ್ಟಿಯಾಗಿಯೇ ಇರುತ್ತದೆ. ಅದಕ್ಕೆ ಗಾಬರಿ ಬೇಡ. ಮಾವಿನಂತೆ ಇದೂ ಕಿತ್ತ ಮೇಲೆ ಮಾಗುವ ಹಣ್ಣು. ಕಾಗದದ ಚೀಲದಲ್ಲಿ ಒಂದು ಬಾಳೆಹಣ್ಣಿನ ಜೊತೆ ಇಟ್ಟು ಎರಡು-ಮೂರು ದಿನ ಬಿಡಿ. ಹಣ್ಣು ಬಿಡುವ ಎಥಿಲೀನ್ ಅನಿಲ ಚೀಲದೊಳಗೆ ನಿಂತು ಮಾಗುವುದು ಬೇಗವಾಗುತ್ತದೆ. ಮೆದುವಾಗುತ್ತದೆ, ಪರಿಮಳ ಬರುತ್ತದೆ. ಆದರೆ ಸಿಹಿ ಹೆಚ್ಚೇನೂ ಏರುವುದಿಲ್ಲ. ಪೀಚ್ ತನ್ನ ಸಕ್ಕರೆಯನ್ನು ಮರದ ಮೇಲಿರುವಾಗಲೇ ಕೂಡಿಸಿಕೊಂಡಿರುತ್ತದೆ. ಕೊರತೆಯನ್ನು ನಾವು ಡಬ್ಬಿಯಿಂದ ತುಂಬಬೇಕು.

ಒಂದು ಮಾತ್ರ ಮಾಡಬೇಡಿ: ಮಾಗದ ಪೀಚನ್ನು ಫ್ರಿಜ್ಜಿನಲ್ಲಿ ಇಡುವುದು. 2ರಿಂದ 8 ಡಿಗ್ರಿಯ ನಡುವಿನ ತಂಪಿನಲ್ಲಿ ಕಾಯಿ ಪೀಚಿನ ತಿರುಳು ಒಳಗೇ ಕೆಟ್ಟು, ರಸವಿಲ್ಲದೆ ಹತ್ತಿಯಂತಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪೂರ್ತಿ ಮಾಗಿದ ಮೇಲೆ ಒಂದೆರಡು ದಿನ ಇಟ್ಟರೆ ಅಡ್ಡಿಯಿಲ್ಲ.

ಕಾಬ್ಲರ್‌ಗೆ ಬೇಕಾದದ್ದು ಮಾಗಿಯೂ ಸ್ವಲ್ಪ ಬಿಗಿಯಿರುವ ಹಣ್ಣು. ಸೋರುವಷ್ಟು ಕಳಿತದ್ದನ್ನು ಹಾಗೆಯೇ ತಿಂದುಬಿಡಿ.

ಡಬ್ಬಿಯ ಪೀಚ್ ಬಳಸಬಹುದೇ? ಬಳಸಬಹುದು. ವರ್ಷದ ಉಳಿದ ಒಂಬತ್ತು ತಿಂಗಳು ಅದೇ ಗತಿ. ಅದು ಆಗಲೇ ಬೆಂದ ಹಣ್ಣು, ಸಕ್ಕರೆ ಪಾಕದಲ್ಲಿ ನೆನೆದದ್ದು. ಪಾಕವನ್ನು ಜರಡಿಯಲ್ಲಿ ಪೂರ್ತಿ ಬಸಿದು, ಹಣ್ಣಿಗೆ ಬೇರೆ ಸಕ್ಕರೆ ಹಾಕದೆ, ಲಿಂಬೆರಸ ಮಾತ್ರ ಎರಡರಷ್ಟು ಹಾಕಿ. ಮುಂದೆ ಹೇಳುವ ಅಳತೆಗೆ ಸುಮಾರು 800 ಗ್ರಾಂ ತೂಕದ ಡಬ್ಬಿ ಒಂದೂವರೆ ಬೇಕಾಗುತ್ತದೆ, ಏಕೆಂದರೆ ಆ ತೂಕದಲ್ಲಿ ಅರ್ಧಕ್ಕೆ ಹತ್ತಿರ ಪಾಕವೇ. ರುಚಿ ಚೆನ್ನಾಗಿಯೇ ಇರುತ್ತದೆ, ಹಣ್ಣಿನ ಹುಳಿಗೆ ಇರುವ ಚುರುಕು ಮಾತ್ರ ಇರುವುದಿಲ್ಲ.

ಸಾಮಾನು

ಆರು ಜನರಿಗೆ, 20 ಸೆಂಟಿಮೀಟರ್ ಅಗಲದ ಚೌಕ ಅಥವಾ ದುಂಡು ಪಾತ್ರೆಗೆ ಈ ಲೆಕ್ಕ. ಪಾತ್ರೆ ಕನಿಷ್ಠ 5 ಸೆಂಟಿಮೀಟರ್ ಆಳ ಇರಲಿ.

ಹಣ್ಣಿಗೆ: ಪೀಚ್ 900 ಗ್ರಾಂ, ಸಕ್ಕರೆ 80 ಗ್ರಾಂ, ಒಂದು ಲಿಂಬೆಯ ರಸ, ಕಾರ್ನ್‌ಫ್ಲೋರ್ ಒಂದು ದೊಡ್ಡ ಚಮಚ, ಒಂದು ಚಿಟಿಕೆ ಉಪ್ಪು, ಜಾಯಿಕಾಯಿ ಎರಡು ಚಿಟಿಕೆ.

ಹಿಟ್ಟಿಗೆ: ಮೈದಾ 130 ಗ್ರಾಂ, ಸಕ್ಕರೆ 100 ಗ್ರಾಂ, ಬೇಕಿಂಗ್ ಪೌಡರ್ ಎರಡು ಸಣ್ಣ ಚಮಚ, ಕಾಲು ಚಮಚ ಉಪ್ಪು, ಹಾಲು 180 ಮಿಲಿ, ಬೆಣ್ಣೆ 80 ಗ್ರಾಂ.

ಗ್ರಾಂ ಲೆಕ್ಕ ಕೊಟ್ಟಿದ್ದೇಕೆಂದರೆ ನಮ್ಮ ಅಡುಗೆಮನೆಯ ವಾಟಿಗಳು ಒಂದಕ್ಕೊಂದು ಹೊಂದುವುದಿಲ್ಲ. ತೂಕದ ಯಂತ್ರ ಇಲ್ಲದಿದ್ದರೆ 240 ಮಿಲಿಯ ಅಳತೆ ಬಟ್ಟಲಿನಲ್ಲಿ ಮೈದಾ ಒಂದು ಬಟ್ಟಲು, ಹಿಟ್ಟಿನ ಸಕ್ಕರೆ ಅರ್ಧ, ಹಾಲು ಮುಕ್ಕಾಲು ಎಂದು ಹಿಡಿಯಿರಿ. ಮೈದಾವನ್ನು ಒತ್ತಿ ತುಂಬಬೇಡಿ. ಚಮಚದಿಂದ ಉದುರಿಸಿ ಮೇಲೆ ಸಮ ಮಾಡಿ.

ಕಾರ್ನ್‌ಫ್ಲೋರ್ ಬಗ್ಗೆ ನಮ್ಮ ಕಡೆ ಒಂದು ಎಚ್ಚರ ಅಗತ್ಯ. ಅದು ರೊಟ್ಟಿಯ ಜೋಳದ ಹಿಟ್ಟು ಅಲ್ಲ, ಗಿರಣಿಯಲ್ಲಿ ಬೀಸಿಸಿದ ಗೋವಿನಜೋಳದ ಹಿಟ್ಟೂ ಅಲ್ಲ. ಗೋವಿನಜೋಳದಿಂದ ಪಿಷ್ಟವನ್ನಷ್ಟೇ ಬೇರ್ಪಡಿಸಿದ, ಬೆರಳಲ್ಲಿ ಹಿಚುಕಿದರೆ ಕಿರುಗುಟ್ಟುವ ಅಚ್ಚ ಬಿಳಿ ಪುಡಿ. ಬೇರೆ ಹಿಟ್ಟು ಹಾಕಿದರೆ ರಸ ತಿಳಿಯಾಗಿ ಮಿನುಗದೆ ಅಂಬಲಿಯಾಗುತ್ತದೆ.

ಬೆಣ್ಣೆ ಅಂಗಡಿಯದಾದರೆ ಉಪ್ಪಿನದೋ ಸಪ್ಪೆಯದೋ ನೋಡಿಕೊಳ್ಳಿ. ಉಪ್ಪಿನದಾದರೆ ಹಿಟ್ಟಿಗೆ ಬೇರೆ ಉಪ್ಪು ಬೇಡ. ಮಜ್ಜಿಗೆ ಕಡೆದು ತೆಗೆದ ಮನೆಯ ಬೆಣ್ಣೆ ಇದ್ದರೆ ಅದೃಷ್ಟ, ಒಂದೆರಡು ಚಮಚ ಹೆಚ್ಚಿಗೆ ಹಾಕಿ, ಅದರಲ್ಲಿ ನೀರಿನಂಶ ಜಾಸ್ತಿ. ತುಪ್ಪವಾದರೆ 65 ಗ್ರಾಂ ಸಾಕು. ತುಪ್ಪದ ಕಾಬ್ಲರ್ ಅಂಚು ಹೆಚ್ಚು ಗರಿಗರಿ, ಆದರೆ ವಾಸನೆ ನಮ್ಮ ಶಿರಾದ ಕಡೆಗೆ ವಾಲುತ್ತದೆ.

ಮಸಾಲೆಯ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಹಾವೇರಿಯ ಯಾಲಕ್ಕಿ ಮಾಲೆ ಕೊರಳಿಗೆ ಚೆಂದ, ಯಾಲಕ್ಕಿ ಹೋಳಿಗೆಗೂ ಚೆಂದ, ಪೀಚಿಗೆ ಬೇಡ. ಪೀಚಿನ ಪರಿಮಳ ಬಲು ನಾಜೂಕು, ಯಾಲಕ್ಕಿ ಬಿದ್ದ ಕೂಡಲೇ ಹಣ್ಣು ಯಾವುದೆಂದೇ ತಿಳಿಯುವುದಿಲ್ಲ. ಅಮೆರಿಕದವರು ದಾಲ್ಚಿನ್ನಿ ಹಾಕುತ್ತಾರೆ, ಅದನ್ನೂ ಕಾಲು ಚಮಚಕ್ಕೆ ನಿಲ್ಲಿಸುವುದು ಒಳ್ಳೆಯದು. ಶಿರಸಿಯ ಕಡೆಯ ಜಾಯಿಕಾಯಿಯನ್ನು ಆಗಷ್ಟೇ ತೇಯ್ದು ಎರಡು ಚಿಟಿಕೆ ಹಾಕಿದರೆ ಹಣ್ಣಿನ ರುಚಿ ಮುಂದೆ ಬರುತ್ತದೆ, ಜಾಯಿಕಾಯಿ ಹಿಂದೆ ನಿಲ್ಲುತ್ತದೆ.

ಇನ್ನು ಬೇಕಿಂಗ್ ಪೌಡರ್. ಧಾರವಾಡದ ಜಿಟಿಜಿಟಿ ಮಳೆಯ ತಿಂಗಳುಗಳಲ್ಲಿ ಉಪ್ಪು, ಸಕ್ಕರೆ ನೀರೊಡೆಯುವ ಹಾಗೆ ಇದೂ ತೇವ ಹೀರಿ ಸತ್ತುಹೋಗುತ್ತದೆ. ಅರ್ಧ ಚಮಚ ಪುಡಿಯನ್ನು ಬಿಸಿನೀರಿಗೆ ಹಾಕಿ ನೋಡಿ. ಭರ್ರೆಂದು ನೊರೆ ಎದ್ದರೆ ಬಳಸಿ, ಸುಮ್ಮನೆ ತಳಕ್ಕೆ ಕುಳಿತರೆ ಚೆಲ್ಲಿ. ಅಡಿಗೆ ಸೋಡಾ ಇದಕ್ಕೆ ಬದಲಿಯಲ್ಲ. ಹಾಲಿನ ಹಿಟ್ಟಿನಲ್ಲಿ ಅದಕ್ಕೆ ಬೇಕಾದ ಹುಳಿ ಇಲ್ಲ, ಸಾಬೂನಿನ ರುಚಿ ಬರುತ್ತದೆ.

ಸಿಪ್ಪೆ, ಬೀಜ, ಹೋಳು

ಪೀಚಿನ ಮೈಮೇಲೆ ಸಣ್ಣ ರೋಮ ಇರುತ್ತದೆ. ನೀರಿನಲ್ಲಿ ಉಜ್ಜಿ ತೊಳೆದರೆ ಅದು ಹೋಗುತ್ತದೆ, ಸಿಪ್ಪೆ ಹಾಗೆಯೇ ಇಟ್ಟೂ ಮಾಡಬಹುದು. ಆದರೆ ಬೆಂದಾಗ ಸಿಪ್ಪೆ ಸುರುಳಿಯಾಗಿ ಬಾಯಿಗೆ ಸಿಗುತ್ತದೆ. ತೆಗೆಯುವುದು ಹತ್ತು ನಿಮಿಷದ ಕೆಲಸ.

ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ. ಪ್ರತಿ ಹಣ್ಣಿನ ಬುಡದಲ್ಲಿ ಚಾಕುವಿನ ತುದಿಯಿಂದ ಸಿಪ್ಪೆ ಮಾತ್ರ ಸೀಳುವಂತೆ ಅಡ್ಡ-ಉದ್ದ ಎರಡು ಗೀರು ಎಳೆಯಿರಿ. ಕುದಿಯುವ ನೀರಿಗೆ ಎರಡೆರಡೇ ಹಣ್ಣು ಬಿಟ್ಟು 40 ಸೆಕೆಂಡು ಕಾಯ್ದು, ತಣ್ಣೀರಿಗೆ ಹಾಕಿ. ಗೀರು ಎಳೆದ ಜಾಗದಲ್ಲಿ ಸಿಪ್ಪೆಯ ತುದಿಗಳು ತಾವೇ ಮೇಲಕ್ಕೆ ಮಡಚಿಕೊಂಡಿರುತ್ತವೆ. ಒಂದು ತುದಿ ಹಿಡಿದು ಎಳೆದರೆ ಅಗಲವಾದ ಪಟ್ಟಿಯಾಗಿ ಬಿಟ್ಟುಬರುತ್ತದೆ, ಕೆಳಗಿನ ತಿರುಳು ಕೆಂಪು-ಹಳದಿಯಾಗಿ ನುಣ್ಣಗೆ ಹೊಳೆಯುತ್ತದೆ. ಬರದಿದ್ದರೆ ಇನ್ನೊಂದು 20 ಸೆಕೆಂಡು. ಆಗಲೂ ಬರದಿದ್ದರೆ ಹಣ್ಣು ಇನ್ನೂ ಕಾಯಿ. ಸೌತೆಕಾಯಿ ಹೆರೆಯುವ ಪೀಲರ್ ಹಿಡಿಯಿರಿ.

ಹಣ್ಣಿನ ಒಂದು ಬದಿಯಲ್ಲಿ ಮೇಲಿನಿಂದ ಕೆಳಗೆ ಗೆರೆ ಇರುತ್ತದೆ. ಚಾಕುವನ್ನು ಆ ಗೆರೆಗುಂಟ ಬೀಜ ತಾಗುವವರೆಗೆ ಇಳಿಸಿ, ಸುತ್ತಲೂ ಒಂದು ಸುತ್ತು ತಂದು, ಎರಡೂ ಕೈಯಲ್ಲಿ ಹಿಡಿದು ಎದುರು ಬದುರು ತಿರುವಿ. ಕೆಲವು ತಳಿಗಳಲ್ಲಿ ಎರಡು ಹೋಳಾಗಿ ಬೀಜ ಬಿಟ್ಟುಕೊಡುತ್ತದೆ. ಇನ್ನು ಕೆಲವು ತಳಿಗಳಲ್ಲಿ ತಿರುಳು ಬೀಜಕ್ಕೆ ಅಂಟಿಕೊಂಡೇ ಇರುತ್ತದೆ, ಬಲ ಹಾಕಿದರೆ ಜಜ್ಜಿಹೋಗುತ್ತದೆ. ಅಂಥದ್ದಾದರೆ ಹಟ ಬಿಟ್ಟು, ಮಾವಿನಕಾಯಿ ಹೆಚ್ಚುವ ಹಾಗೆ ಬೀಜದ ಸುತ್ತ ಕೆನ್ನೆ ಕೆನ್ನೆಯಾಗಿ ಕೊಯ್ದುಕೊಳ್ಳಿ. ಹೋಳು ಬೆರಳಿನ ದಪ್ಪ ಇರಲಿ. ತೆಳುವಾದರೆ ಕರಗಿ ಜಾಮ್ ಆಗುತ್ತದೆ.

ಬೀಜವನ್ನು ಒಡೆದು ಒಳಗಿನ ಬೇಳೆ ತಿನ್ನಲು ಮಕ್ಕಳಿಗೆ ಬಿಡಬೇಡಿ. ನೋಡಲು ಬಾದಾಮಿಯ ಹಾಗೇ ಇರುತ್ತದೆ, ಆದರೆ ಅದರಲ್ಲಿರುವ ಅಮಿಗ್ಡಾಲಿನ್ ಹೊಟ್ಟೆಯಲ್ಲಿ ಸಯನೈಡ್ ಬಿಡುಗಡೆ ಮಾಡುತ್ತದೆ.

ರಸದ ಹದ

ಹೋಳುಗಳಿಗೆ 80 ಗ್ರಾಂ ಸಕ್ಕರೆ, ಲಿಂಬೆರಸ, ಉಪ್ಪು ಸೇರಿಸಿ ಮೆಲ್ಲಗೆ ಕೈಯಾಡಿಸಿ. ಲಿಂಬೆರಸ ಇಲ್ಲಿ ಎರಡು ಕೆಲಸ ಮಾಡುತ್ತದೆ, ಹೋಳು ಕಂದಾಗುವುದನ್ನು ತಡೆಯುತ್ತದೆ, ಸಕ್ಕರೆಯ ಸಿಹಿಯನ್ನು ಅಂಕೆಯಲ್ಲಿ ಇಡುತ್ತದೆ. ಒಂದು ಹೋಳು ಬಾಯಿಗೆ ಹಾಕಿಕೊಳ್ಳಿ. ಹುಳಿ ಮುಂದಿದ್ದರೆ ಇನ್ನೆರಡು ಚಮಚ ಸಕ್ಕರೆ. ಮುಚ್ಚಿ 40 ನಿಮಿಷ ಪಕ್ಕಕ್ಕಿಡಿ.

ಮುಚ್ಚಳ ತೆಗೆದಾಗ ಹೋಳುಗಳು ತುಸು ಕುಗ್ಗಿ, ತಳದಲ್ಲಿ ನಸುಗೆಂಪು ರಸ ನಿಂತಿರುತ್ತದೆ. ಸಕ್ಕರೆ ಹಣ್ಣಿನ ಕೋಶಗಳಿಂದ ಎಳೆದು ತಂದ ನೀರು ಅದು. ಈಗ ಇಲ್ಲಿ ಬಿಡದಿದ್ದರೆ ಒಲೆಯೊಳಗೆ, ಹಿಟ್ಟಿನ ಕೆಳಗೆ ಬಿಡುತ್ತಿತ್ತು. ಹಣ್ಣು ಎಷ್ಟು ರಸಭರಿತ ಎಂಬುದರ ಮೇಲೆ ಅರ್ಧ ಬಟ್ಟಲೋ ಮುಕ್ಕಾಲೋ ಸಿಗಬಹುದು.

ಜರಡಿಯಲ್ಲಿ ಹೋಳು ಬಸಿದು, ರಸವನ್ನು ಮಾತ್ರ ಸಣ್ಣ ಪಾತ್ರೆಯಲ್ಲಿ ಒಲೆಗಿಡಿ. ಮಧ್ಯಮ ಉರಿಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ. ಕಾರ್ನ್‌ಫ್ಲೋರನ್ನು ಎರಡು ಚಮಚ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ರಸಕ್ಕೆ ಸುರಿದು, ಕೈ ಬಿಡದೆ ಒಂದು ನಿಮಿಷ ತಿರುವಿ. ಮೊದಲು ಹಾಲಿನಂತೆ ಬೆಳ್ಳಗಾಗಿ, ನೋಡುತ್ತಿದ್ದಂತೆ ಮತ್ತೆ ತಿಳಿಯಾಗಿ ಮಿರುಗುತ್ತದೆ. ಆ ಕ್ಷಣಕ್ಕೆ ಇಳಿಸಿಬಿಡಿ. ಮುಂದೆ ಕುದಿಸುತ್ತಾ ಹೋದರೆ ಲಿಂಬೆಯ ಹುಳಿ ಪಿಷ್ಟವನ್ನು ಒಡೆದು ರಸ ಮತ್ತೆ ತೆಳುವಾಗುತ್ತದೆ. ಕಡಿಮೆ ಕುದಿಸಿದರೆ ಹಿಟ್ಟಿನ ಹಸಿ ವಾಸನೆ ಉಳಿಯುತ್ತದೆ. ಸೌಟಿನ ಹಿಂಬದಿಗೆ ಹಚ್ಚಿಕೊಂಡ ರಸದ ಮೇಲೆ ಬೆರಳಾಡಿಸಿ. ಗೆರೆ ಕೂಡಿಕೊಳ್ಳದೆ ನಿಂತರೆ ಹದ ಬಂತು.

ಇದಕ್ಕೆ ಹೋಳು, ಜಾಯಿಕಾಯಿ ಬೆರೆಸಿ ಬದಿಗಿಡಿ. ಕಾಯಿ ಹಣ್ಣೇ ಸಿಕ್ಕಿದ್ದರೆ ಹೋಳುಗಳನ್ನು ರಸದ ಜೊತೆಗೇ ನಾಲ್ಕೈದು ನಿಮಿಷ ಬೇಯಿಸಿ, ಆಮೇಲೆ ಬಸಿದುಕೊಂಡು ಇದೇ ಕ್ರಮ ಅನುಸರಿಸಿ. ಇಷ್ಟು ಮಾಡಿದ ಹಣ್ಣನ್ನು ಹಿಂದಿನ ರಾತ್ರಿಯೇ ಸಿದ್ಧಮಾಡಿ ಫ್ರಿಜ್ಜಿನಲ್ಲಿ ಇಟ್ಟರೂ ಆಗುತ್ತದೆ. ಬೇಯಿಸುವ ಒಂದು ಗಂಟೆ ಮೊದಲು ಹೊರತೆಗೆದರಾಯಿತು.

ಬೆಣ್ಣೆ ಕೆಳಗೆ, ಹಿಟ್ಟು ನಡುವೆ, ಹಣ್ಣು ಮೇಲೆ

ಕಾಬ್ಲರ್‌ನಲ್ಲಿ ಹಲವು ಬಗೆಗಳಿವೆ. ನಾನು ಹೇಳುತ್ತಿರುವುದು ತೆಳು ಹಿಟ್ಟು ಸುರಿಯುವ ಬಗೆ. ಇದರಲ್ಲಿ ಹಣ್ಣನ್ನು ಮೇಲೆ ಹಾಕುತ್ತೇವೆ, ಬೇಯುತ್ತಾ ಹಿಟ್ಟು ಉಬ್ಬಿ ಹಣ್ಣನ್ನು ಸುತ್ತುವರಿದು ಮೇಲೆ ಬರುತ್ತದೆ.

ಓಟಿಜಿಯನ್ನು, ಅಂದರೆ ಕೇಕ್ ಬೇಯಿಸುವ ವಿದ್ಯುತ್ ಒಲೆಯನ್ನು, 180 ಡಿಗ್ರಿಗೆ, ಮೇಲಿನ ಮತ್ತು ಕೆಳಗಿನ ಎರಡೂ ಕಾಯಿಲ್ ಹಚ್ಚಿ, 15 ನಿಮಿಷ ಕಾಯಿಸಿ. ಇದು ಹೆಚ್ಚು ವಿದ್ಯುತ್ ಎಳೆಯುವ ಯಂತ್ರ. ದೊಡ್ಡ ಪ್ಲಗ್ಗಿಗೇ ಹಾಕಿ, ಅದೇ ಹೊತ್ತಿಗೆ ಗೀಜರ್ ಹಚ್ಚಬೇಡಿ. ಬೆಣ್ಣೆಯ ತುಂಡುಗಳನ್ನು ಬೇಯಿಸುವ ಪಾತ್ರೆಗೆ ಹಾಕಿ ಒಲೆ ಕಾಯತೊಡಗಿದಾಗಲೇ ಒಳಗಿಡಿ. ಬೆಣ್ಣೆ ಕರಗಿ, ನೊರೆ ಎದ್ದು, ಅಂಚಿನಲ್ಲಿ ಹೊಂಬಣ್ಣಕ್ಕೆ ತಿರುಗಿದಾಗ ಹೊರತೆಗೆಯಿರಿ. ಗಾಜಿನ ಪಾತ್ರೆಯಾದರೆ ಬಿಸಿ ಇರುವಾಗ ಒದ್ದೆ ಕಡಪಾ ಕಲ್ಲಿನ ಮೇಲೋ ಗ್ರಾನೈಟ್ ಕಟ್ಟೆಯ ಮೇಲೋ ಇಡಬೇಡಿ, ಸೀಳುತ್ತದೆ. ಒಣ ಬಟ್ಟೆ ಮಡಚಿ ಅದರ ಮೇಲಿಡಿ.

ಬೆಣ್ಣೆ ಕರಗುತ್ತಿರುವಾಗ ಹಿಟ್ಟು ಕಲಸಿಕೊಳ್ಳಿ, ಅದಕ್ಕಿಂತ ಮೊದಲು ಬೇಡ. ಮೈದಾ, ಸಕ್ಕರೆ, ಬೇಕಿಂಗ್ ಪೌಡರ್, ಉಪ್ಪು ಒಟ್ಟಿಗೆ ಜರಡಿ ಹಿಡಿದು, ಫ್ರಿಜ್ಜಿನ ತಂಪು ಬಿಟ್ಟ ಹಾಲು ಸುರಿದು, ಸೌಟಿನಲ್ಲಿ ಇಪ್ಪತ್ತು ಸುತ್ತು ತಿರುವಿದರೆ ಮುಗಿಯಿತು. ಸಣ್ಣ ಗಂಟುಗಳಿದ್ದರೆ ಇರಲಿ. ಹೆಚ್ಚು ತಿರುವಿದಷ್ಟೂ ಮೈದಾದ ಜಿಗುಟು ಎದ್ದು ಕಾಬ್ಲರ್ ರಬ್ಬರಿನಂತೆ ಎಳೆಯುತ್ತದೆ. ಪಡ್ಡಿನ ಹಿಟ್ಟಿನ ಹದ ಇರಬೇಕು. ಗಟ್ಟಿ ಅನ್ನಿಸಿದರೆ ಒಂದೆರಡು ಚಮಚ ಹಾಲು. ಮೈದಾ ಬೇಡವೆನ್ನುವವರು ಅರ್ಧದಷ್ಟು ಗೋಧಿ ಹಿಟ್ಟು ಬಳಸಬಹುದು, ಆಗ ಹಾಲು ಸ್ವಲ್ಪ ಹೆಚ್ಚು ಬೇಕು. ಪೂರ್ತಿ ಗೋಧಿ ಹಿಟ್ಟಿನಲ್ಲಿ ಮಾಡಿದರೆ ಭಾರವಾಗುತ್ತದೆ.

ಈಗ ಗಮನವಿಟ್ಟು ಮಾಡುವ ಅರ್ಧ ನಿಮಿಷದ ಕೆಲಸ. ಬಿಸಿ ಬೆಣ್ಣೆಯ ನಡುವೆ ಹಿಟ್ಟನ್ನು ಒಂದೇ ಧಾರೆಯಾಗಿ ಸುರಿಯಿರಿ. ಅಂಚಿನಲ್ಲಿ ಚುಂಯ್ ಎನ್ನುತ್ತದೆ, ಬೆಣ್ಣೆ ಹಿಟ್ಟಿನ ಕೆಳಗಿನಿಂದ ಸರಿದು ಬದಿಗಳಲ್ಲಿ ಮೇಲೇರುತ್ತದೆ, ಮೂಲೆಗಳಲ್ಲಿ ಹಳದಿಯಾಗಿ ನಿಲ್ಲುತ್ತದೆ. ನೋಡಿದರೆ ಏನೋ ಎಡವಟ್ಟಾಯಿತು ಅನ್ನಿಸಿ ಕಲಕಲು ಕೈ ಹೋಗುತ್ತದೆ. ಕಲಕಬೇಡಿ. ಹಿಟ್ಟಿನ ಅಂಚು ಈ ಬೆಣ್ಣೆಯಲ್ಲಿ ಕರಿದಂತಾಗುವುದರಿಂದಲೇ ಕಾಬ್ಲರ್‌ಗೆ ಆ ಗರಿ, ಆ ಕಂದು ಅಂಚು ಬರುವುದು. ಕಲಸಿಬಿಟ್ಟರೆ ಅದು ಬರೀ ಹಣ್ಣಿನ ಕೇಕ್. ಹಿಟ್ಟಿನ ಮೇಲೆ ಹಣ್ಣಿನ ಹೋಳುಗಳನ್ನು ಚಮಚ ಚಮಚವಾಗಿ ಎಲ್ಲ ಕಡೆ ಇಟ್ಟು, ಕೊನೆಗೆ ಉಳಿದ ರಸ ಅಲ್ಲಲ್ಲಿ ಬಿಡಿ. ಮೇಲೆ ಒಂದು ಚಮಚ ಸಕ್ಕರೆ ಉದುರಿಸಿದರೆ ಬೆಂದ ಮೇಲೆ ಕುರುಂ ಎನ್ನುತ್ತದೆ.

ಪಾತ್ರೆಯನ್ನು ನಡುವಿನ ತಂತಿಯ ಮೇಲಿಟ್ಟು, ಅದರ ಕೆಳಗೆ ಒಂದು ತಟ್ಟೆ ಇಡಿ; ಉಕ್ಕಿದ ರಸ ಕಾಯಿಲ್ ಮೇಲೆ ಬಿದ್ದರೆ ಮನೆಯೆಲ್ಲ ಹೊಗೆ. 45ರಿಂದ 50 ನಿಮಿಷ ಬೇಯಬೇಕು. ಮೊದಲ ಅರ್ಧ ಗಂಟೆ ಬಾಗಿಲು ತೆರೆಯುವ ಮಾತೇ ಇಲ್ಲ. ಸಣ್ಣ ಓಟಿಜಿಯಲ್ಲಿ ಮೇಲಿನ ಕಾಯಿಲ್ ತೀರಾ ಹತ್ತಿರ ಇರುವುದರಿಂದ 35 ನಿಮಿಷಕ್ಕೇ ಮೇಲ್ಭಾಗ ಕಪ್ಪಾಗತೊಡಗಬಹುದು, ಆಗ ಫಾಯಿಲ್ ಹಾಳೆ ಸಡಿಲವಾಗಿ ಮುಚ್ಚಿ. ಕನ್ವೆಕ್ಷನ್ ಮೈಕ್ರೋವೇವ್ ಆದರೆ 170 ಡಿಗ್ರಿ, 40 ನಿಮಿಷ.

ಬೆಂದದ್ದಕ್ಕೆ ಗುರುತು ಹೀಗೆ. ಅಂಚು ಗಾಢ ಕಂದಾಗಿ ಪಾತ್ರೆಯ ಗೋಡೆ ಬಿಟ್ಟಿರುತ್ತದೆ. ನಡುಭಾಗ ಒತ್ತಿದರೆ ಮೇಲೇಳುತ್ತದೆ. ಹಣ್ಣಿಲ್ಲದ ಜಾಗ ನೋಡಿ ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟಿ ಬರುವುದಿಲ್ಲ. ನಾನು ಹೆಚ್ಚು ನಂಬುವುದು ರಸದ ಗುಳ್ಳೆಯನ್ನು: ಆರಂಭದಲ್ಲಿ ಪಟಪಟನೆ ಒಡೆಯುವ ಸಣ್ಣ ಗುಳ್ಳೆ ಕೊನೆಗೆ ದೊಡ್ಡದಾಗಿ, ನಿಧಾನಕ್ಕೆ ಎದ್ದು ನಿಧಾನಕ್ಕೆ ಒಡೆಯತೊಡಗಿದರೆ ನೀರು ಹೋಗಿ ಪಾಕ ಉಳಿಯಿತು ಎಂದರ್ಥ. ಬಣ್ಣ ಬಂತೆಂದು ಬೇಗ ತೆಗೆಯಬೇಡಿ. ಐದು ನಿಮಿಷ ಹೆಚ್ಚಾದರೆ ಕಾಬ್ಲರ್ ಕೆಡುವುದಿಲ್ಲ, ಕಡಿಮೆಯಾದರೆ ಕೆಡುತ್ತದೆ.

ನಡುವೆ ಕರೆಂಟ್ ಹೋದರೆ? ಮಳೆಗಾಲದ ಮೊದಲ ಗಾಳಿಗೆ ಅದೂ ಆಗುವಂಥದ್ದೇ. ಅರ್ಧ ಗಂಟೆ ದಾಟಿದ್ದರೆ ಬಾಗಿಲು ತೆರೆಯದೆ ಬಿಡಿ, ಒಳಗಿನ ಬಿಸಿಗೆ ಬೇಯುತ್ತಾ ಇರುತ್ತದೆ, ಬಂದ ಮೇಲೆ ಕೊರತೆ ತುಂಬಿಸಿ. ಹತ್ತು ನಿಮಿಷದೊಳಗೆ ಹೋಗಿ ಬಹಳ ಹೊತ್ತು ಬಾರದಿದ್ದರೆ ಉಬ್ಬು ಇಳಿದು ತಳ ಗಟ್ಟಿಯಾಗುತ್ತದೆ. ಅಂಥ ಹೊತ್ತಿಗೆ ಮುಂದಿನ ಕುಕ್ಕರ್ ದಾರಿಯೇ ಗತಿ.

ಓಟಿಜಿ ಇಲ್ಲದವರಿಗೆ

ಹಳೆಯ ಐದು ಲೀಟರಿನ ಅಲ್ಯೂಮಿನಿಯಂ ಕುಕ್ಕರ್ ಅಥವಾ ದಪ್ಪ ತಳದ ಪಾತೇಲಿ ಸಾಕು. ಕುಕ್ಕರಿನ ಗ್ಯಾಸ್ಕೆಟ್ ಮತ್ತು ಸೀಟಿ ಎರಡನ್ನೂ ಕಡ್ಡಾಯವಾಗಿ ತೆಗೆದಿಡಿ. ತಳದಲ್ಲಿ ಅರ್ಧ ಕಿಲೋ ಉಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಒಳಗೆ ಹಿಡಿಸುವ 18 ಸೆಂಟಿಮೀಟರಿನ ಕೇಕ್ ಡಬ್ಬಿಗೆ ಮೇಲಿನ ಅಳತೆಯ ಮೂರರಲ್ಲಿ ಎರಡು ಪಾಲು ಸಾಕು. ಬೆಣ್ಣೆಯನ್ನು ಬೇರೆ ಪಾತ್ರೆಯಲ್ಲಿ ಹೊಂಬಣ್ಣ ಬರುವವರೆಗೆ ಕಾಯಿಸಿ ಡಬ್ಬಿಗೆ ಸುರಿದು, ಹಿಟ್ಟು, ಹಣ್ಣು ಅದೇ ಕ್ರಮದಲ್ಲಿ ಹಾಕಿ. ಸಣ್ಣ ಉರಿಗಿಂತ ತುಸು ಮೇಲೆ ಇಟ್ಟು 55 ನಿಮಿಷದಿಂದ ಒಂದು ಗಂಟೆ. ಉರಿ ಜೋರಾದರೆ ತಳ ಸೀದುಹೋಗಿ ಮೇಲೆ ಹಸಿ ಉಳಿಯುತ್ತದೆ.

ಮುಚ್ಚಳದ ಒಳಮೈಗೆ ಕಟ್ಟಿದ ಹನಿ ಹಿಟ್ಟಿನ ಮೇಲೆ ಬೀಳದಂತೆ 25 ನಿಮಿಷಕ್ಕೊಮ್ಮೆ ಒರೆಸಿ. ಕುಕ್ಕರಿನಲ್ಲಿ ಮೇಲ್ಭಾಗ ಬಿಳುಚಿಕೊಂಡೇ ಇರುತ್ತದೆ, ಅದಕ್ಕೆ ಬೇಸರಪಡಬೇಡಿ. ತಳ ಮತ್ತು ಅಂಚು ಓಟಿಜಿಯದಕ್ಕಿಂತ ಗರಿಯಾಗಿ ಬರುತ್ತದೆ, ಮೇಲೆ ಹಣ್ಣೇ ಮುಚ್ಚಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಹಳೆಯ ಕಾಲದವರಂತೆ ಮುಚ್ಚಳದ ಮೇಲೆ ಕೆಂಡ ಹಾಕುವ ಆಸೆಯಿದ್ದರೆ ಹಿತ್ತಲಲ್ಲಿ ಮಾಡಿ. ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಇದ್ದಿಲು ಉರಿಸುವುದು ಜೀವಕ್ಕೆ ಅಪಾಯ.

ಉಣಬಡಿಸುವುದು, ಉಳಿಸುವುದು

ಒಲೆಯಿಂದ ತೆಗೆದ ಕೂಡಲೇ ಚಮಚ ಹಾಕಿದರೆ ರಸ ಹರಿಯುತ್ತದೆ, ನಾಲಿಗೆಯೂ ಸುಡುತ್ತದೆ. ಅರ್ಧ ಗಂಟೆ ಬಿಟ್ಟರೆ ಪಿಷ್ಟ ಗಟ್ಟಿಗೊಂಡು ರಸ ಕೂಡಿಕೊಳ್ಳುತ್ತದೆ. ಬೆಚ್ಚಗಿರುವಾಗ ಬಟ್ಟಲಿಗೆ ಹಾಕಿ, ಮೇಲೊಂದು ಉಂಡೆ ವೆನಿಲಾ ಐಸ್‌ಕ್ರೀಮ್. ನಮ್ಮ ಕಡೆ ಇದಕ್ಕಿಂತ ಚೆನ್ನಾಗಿ ಒಗ್ಗುವುದು ತಣ್ಣಗಿನ ಬಾಸುಂದಿ, ಆದರೆ ಹಾಗೆ ಬಡಿಸುವುದಿದ್ದರೆ ಹಿಟ್ಟಿನ ಸಕ್ಕರೆಯನ್ನು 100ರಿಂದ 70 ಗ್ರಾಮಿಗೆ ಇಳಿಸಿ. ಧಾರವಾಡ ಪೇಡೆ ಪುಡಿಮಾಡಿ ಮೇಲೆ ಉದುರಿಸುವ ಯೋಚನೆ ಯಾರಿಗಾದರೂ ಬಂದೇ ಬರುತ್ತದೆ. ಪೇಡೆಯ ಕಂದು ಖವೆಯ ರುಚಿ ಎದುರು ಪೀಚ್ ಸೋಲುತ್ತದೆ. ಪೇಡೆಯನ್ನು ಪೇಡೆಯಾಗಿಯೇ ತಿನ್ನಿ.

ಹಿಟ್ಟಿನ ತುತ್ತುಗಳನ್ನು ಮೇಲಿಡುವ ಇನ್ನೊಂದು ಬಗೆ ಬೇಕೆನ್ನುವವರಿಗೆ ಚುಟುಕಾಗಿ: 150 ಗ್ರಾಂ ಮೈದಾ, ಒಂದೂವರೆ ಚಮಚ ಬೇಕಿಂಗ್ ಪೌಡರ್, ಎರಡು ದೊಡ್ಡ ಚಮಚ ಸಕ್ಕರೆ, 60 ಗ್ರಾಂ ಗಟ್ಟಿ ಬೆಣ್ಣೆ, 100 ಮಿಲಿ ಮೊಸರು. ಮೇ ತಿಂಗಳ ಹುಬ್ಬಳ್ಳಿಯ ಧಗೆಯಲ್ಲಿ ಬೆಣ್ಣೆ ಕೈಯಲ್ಲೇ ಕರಗುವುದರಿಂದ ಫ್ರೀಜರ್‌ನಲ್ಲಿಟ್ಟು ತುರಿಮಣೆಯಲ್ಲಿ ತುರಿದು ಬೆರೆಸಿ. ಹಣ್ಣನ್ನು ಒಲೆಯಲ್ಲಿ ಗುಳ್ಳೆ ಬರುವಷ್ಟು ಬಿಸಿಮಾಡಿ ಅದರ ಮೇಲೆ ತುತ್ತುಗಳನ್ನಿಟ್ಟು, 200 ಡಿಗ್ರಿಯಲ್ಲಿ 25 ನಿಮಿಷ. ಹಣ್ಣು ತಣ್ಣಗಿದ್ದರೆ ತುತ್ತಿನ ಅಡಿಭಾಗ ಬೇಯುವುದಿಲ್ಲ. ಕುಕ್ಕರಿಗೆ ಈ ಬಗೆ ಆಗಿಬರುವುದಿಲ್ಲ.

ಪೀಚ್ ಸಿಗದಾಗ ಮಾವು ಬಳಸಬಹುದು. ಆದರೆ ಒಳ್ಳೆಯ ಆಪೂಸನ್ನು ಒಲೆಗೆ ಹಾಕುವುದು ಅನ್ಯಾಯ, ಅದರ ಪರಿಮಳವೆಲ್ಲ ಬಿಸಿಗೆ ಹಾರಿಹೋಗುತ್ತದೆ. ತೋತಾಪುರಿಯ ಅರೆಮಾಗಿದ ಹಣ್ಣು ಹುಳಿಯೂ ಇದೆ, ಬಿಗಿಯೂ ಇದೆ; ಸಕ್ಕರೆ 60 ಗ್ರಾಂ, ಕಾರ್ನ್‌ಫ್ಲೋರ್ ಅರ್ಧ ಚಮಚ ಸಾಕು. ಚಳಿಗಾಲದಲ್ಲಿ ನವಲೂರಿನ ಪೇರಲ ಬಂದಾಗ ಬೀಜದ ಭಾಗ ತೆಗೆದು, ಹೋಳುಗಳನ್ನು ಸಕ್ಕರೆ ಮತ್ತು ಸ್ವಲ್ಪ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿಕೊಂಡು ಮಾಡಿ. ಪೇರಲ ತಾನಾಗಿ ರಸ ಬಿಡುವ ಹಣ್ಣಲ್ಲ.

ಉಳಿದದ್ದನ್ನು ಬೇಸಿಗೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಅಲ್ಯೂಮಿನಿಯಂ ಡಬ್ಬಿಯಲ್ಲಿ ಮಾಡಿದ್ದರೆ ಬೇರೆ ಪಾತ್ರೆಗೆ ಬದಲಾಯಿಸಿ, ಹಣ್ಣಿನ ಹುಳಿಗೆ ಲೋಹದ ರುಚಿ ಹತ್ತುತ್ತದೆ. ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ಮತ್ತೆ ಬಿಸಿಮಾಡಲು 160 ಡಿಗ್ರಿಯ ಓಟಿಜಿಯಲ್ಲಿ 15 ನಿಮಿಷ ಇಡಿ ಅಥವಾ ಕಬ್ಬಿಣದ ಹಂಚಿನ ಮೇಲೆ ಮುಚ್ಚಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಮೈಕ್ರೋವೇವ್‌ನಲ್ಲಿ ಗರಿ ಹೋಗಿ ಮೆತ್ತಗಾಗುತ್ತದೆ. ಸುಲಿದ ಸಿಪ್ಪೆಗಳನ್ನು ಚೆಲ್ಲುವ ಮೊದಲು ಒಂದು ಲೋಟ ನೀರು, ನಾಲ್ಕು ಚಮಚ ಸಕ್ಕರೆ ಹಾಕಿ ಹತ್ತು ನಿಮಿಷ ಕುದಿಸಿ ಸೋಸಿದರೆ ಗುಲಾಬಿ ಬಣ್ಣದ ಪಾಕ ಸಿಗುತ್ತದೆ. ತಣ್ಣೀರು, ಲಿಂಬೆ ಸೇರಿಸಿದರೆ ಅಂದಿನ ಸಂಜೆಯ ಶರಬತ್ತಿಗೆ ಆಗುತ್ತದೆ.